ಕಿವಿ ಬೀಳದ ಸೊಪ್ಪು

ನಮ್ಮ ಅತ್ತೆಯವರು ಭಂಗಿ ಗಿಡವನ್ನು ಭಂಗಿ ಎಂದು ಕರೆದುದನ್ನು ನಾನು ಕೇಳಿಲ್ಲ. ಅವರ ಬಾಯಲ್ಲಿ ಅದು ಬರೀ ಸೊಪ್ಪು. ಮಠದ ಕಡೆಯವರು ಪತ್ರಿ ಎನ್ನುತ್ತಿದ್ದರು, ಪೇಟೆಯವರು ಗಾಂಜಾ ಎನ್ನುತ್ತಿದ್ದರು. ಮೂರೂ ಒಂದೇ ಗಿಡ. ಈಗ ಹಿತ್ತಲಿನಲ್ಲಿ ಅದರ ಒಂದು ಸಸಿ ಕಂಡರೂ ಪೊಲೀಸರು ಬರುತ್ತಾರೆ. ಹೊಸಪೇಟೆಗೂ ಕಂಪ್ಲಿಗೂ ನಡುವಿನ ನಮ್ಮ ಊರಿನಲ್ಲಿ, ಎಪ್ಪತ್ತರ ದಶಕದಲ್ಲಿ, ತಿಪ್ಪೆಯ ಬದಿಗೆ ನಾಲ್ಕಾರು ಗಿಡ ಇದ್ದರೆ ಯಾರೂ ಕೇಳುತ್ತಿರಲಿಲ್ಲ. ಕಾನೂನು ಆಗಲೂ ಇದ್ದಿರಬೇಕು. ನಮ್ಮ ಹಿತ್ತಲಿನವರೆಗೆ ಅದು ಬಂದಿರಲಿಲ್ಲ, ಅಷ್ಟೆ.

ಅತ್ತೆಯವರ ತವರು ಸಂಡೂರು ಕಡೆಯ ಬಂಡ್ರಿ. ಮದುವೆಯಲ್ಲಿ ತವರಿನವರು ಅವರ ಜೊತೆ ಒಂದು ಆಕಳನ್ನೂ, ಆಕಳಿಗೆ ಬೇನೆ ಬಂದರೆ ಇರಲಿ ಎಂದು ಈ ಸೊಪ್ಪಿನ ಬೀಜವನ್ನೂ ಕಳಿಸಿದ್ದರು. ದನಕ್ಕೆ ಹೊಟ್ಟೆ ಕೆಟ್ಟು ಭೇದಿಯಾದಾಗ ಎಲೆಯನ್ನು ಬೆಲ್ಲದೊಡನೆ ಅರೆದು, ಉಂಡೆ ಕಟ್ಟಿ, ನಾಲಿಗೆಯ ಬುಡದಲ್ಲಿ ಇಡುವುದು ಆ ಕಡೆಯ ರೂಢಿ. ಕಾಲುವೆ ಬರುವ ಮೊದಲು ಇದಕ್ಕಾಗಿ ನಮ್ಮ ಮನೆಗೆ ಬರುತ್ತಿದ್ದವರು ಕಡಿಮೆ ಎಂದು ಕೇಳಿದ್ದೇನೆ. ಜೋಳದ ಒಣ ದಂಟು ತಿಂದು ಬೆಳೆದ ದನಗಳು ಕಾಲುವೆ ಬಂದ ಮೇಲೆ ಕಬ್ಬಿನ ಹಸಿ ಸೋಗೆಯನ್ನೂ ಬದುವಿನ ಎಳೆ ಹುಲ್ಲನ್ನೂ ಹೊಟ್ಟೆ ಬಿರಿಯುವಷ್ಟು ತಿನ್ನತೊಡಗಿದವು. ಊರಿನ ಮನೆಗಳಿಗೆ ತಾರಸಿ ಬಂತು, ಅಂಗಳದಲ್ಲಿ ನೆಲ್ಲಿನ ಚೀಲಗಳು ಏರಿದವು, ದನಗಳ ಹೊಟ್ಟೆ ಕೆಟ್ಟಿತು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಬೆಳಗಾದರೆ ನಮ್ಮ ಮನೆಯ ಮುಂದೆ ಯಾರಾದರೊಬ್ಬರು ಎತ್ತು ಹಿಡಿದು ನಿಂತಿರುವುದು ಸಾಮಾನ್ಯವಾಗಿತ್ತು.

ಭಂಗಿ ಬೆಳೆದವರು ಬೇರೆಯವರೂ ಇದ್ದರು. ಆದರೆ ಅವರ ಎಲೆ ಕೊಟ್ಟರೆ ಭೇದಿಯೇನೋ ನಿಲ್ಲುತ್ತಿತ್ತು, ದನವೂ ನಿಂತುಬಿಡುತ್ತಿತ್ತು. ಕಣ್ಣು ಅರೆ ಮುಚ್ಚಿ, ಜೊಲ್ಲು ಸುರಿಸಿ, ಎರಡೂ ಕಿವಿ ಜೋತು ಬಿಡುತ್ತಿದ್ದವು. ನಮ್ಮ ಮನೆಯಲ್ಲಿ ಇದಕ್ಕೆ 'ಕಿವಿ ಬೀಳುವುದು' ಎಂಬ ಮಾತಿತ್ತು. ಅತ್ತೆಯವರ ಸೊಪ್ಪಿನಿಂದ ಕಿವಿ ಬೀಳುತ್ತಿರಲಿಲ್ಲ. ಉಂಡೆ ನುಂಗಿದ ಎತ್ತು ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲುಕು ಹಾಕಲು ಶುರುಮಾಡುತ್ತಿತ್ತು, ಮಧ್ಯಾಹ್ನಕ್ಕೆ ನೊಗಕ್ಕೆ ಬರುತ್ತಿತ್ತು. ಕಬ್ಬು ಕಡಿಯುವ ಕಾಲದಲ್ಲಿ ಗಾಡಿ ಹೂಡುವವರಿಗೆ ಬೇಕಾದುದು ಅಷ್ಟೇ.

ಇದನ್ನು ಜನ ಅತ್ತೆಯವರ ಕೈಗುಣ ಎನ್ನುತ್ತಿದ್ದರು. ಕೈಗುಣ ಎಂಬ ಮಾತನ್ನು ನಾನು ಸುಲಭಕ್ಕೆ ಒಪ್ಪುವವಳಲ್ಲ. ನೋಡುತ್ತ ಹೋದ ಮೇಲೆ ಅಲ್ಲಿ ಇದ್ದುದು ಕೈಗುಣವಲ್ಲ, ಒಂದು ಕ್ರಮ ಎಂಬುದು ತಿಳಿಯಿತು. ಗಿಡಗಳು ಮೊಳಕಾಲೆತ್ತರ ದಾಟಿದ ಮೇಲೆ ಅವರು ಒಂದೊಂದರ ಎಲೆಯನ್ನೂ ಬೇರೆ ಬೇರೆಯಾಗಿ ಬೆರಳಲ್ಲಿ ಉಜ್ಜುತ್ತಿದ್ದರು. ಬೆರಳಿಗೆ ಅಂಟಿದರೆ ಆ ಗಿಡ ಬೇಡ. ಮೂಗಿಗೆ ಹಿಡಿದಾಗ ಘಾಟು ಹೊಡೆದರೂ ಬೇಡ. ಹೀಗೆ ಉಳಿದ ಗಿಡಗಳ ಎಲೆಯನ್ನು, ಒಂದು ಸಲಕ್ಕೆ ಒಂದು ಗಿಡದ್ದನ್ನು ಮಾತ್ರ, ಕೊಟ್ಟಿಗೆಯಲ್ಲಿದ್ದ ಹಲ್ಲು ಸವೆದ ಮುದಿ ಎತ್ತಿಗೆ ಕೊಟ್ಟು ಎದುರಿಗೆ ಕುಳಿತು ನೋಡುತ್ತಿದ್ದರು. ಕಿವಿ ಬೀಳದಿದ್ದರೆ ಆ ಗಿಡದ ಕೊಂಬೆಗೆ ಹಳೆಯ ಸೀರೆಯ ಅಂಚಿನಿಂದ ಹರಿದ ಚಿಂದಿಯನ್ನು ಕಟ್ಟುವರು. ಚಿಂದಿ ಕಟ್ಟಿದ ಗಿಡದ್ದೇ ಮುಂದಿನ ವರ್ಷದ ಬೀಜ. ಉಳಿದವು ಹೂಬಿಡುವ ಮೊದಲೇ ತಿಪ್ಪೆಗೆ. ಗಿಡ ಎಷ್ಟು ದಪ್ಪ, ಎಷ್ಟು ಎತ್ತರ, ಎಷ್ಟು ಚೆಂದ ಎಂಬುದನ್ನು ಅವರು ನೋಡುತ್ತಲೇ ಇರಲಿಲ್ಲ. ಎಷ್ಟು ತಲೆಮಾರಿನಿಂದ ಆ ಮನೆತನದ ಹೆಂಗಸರು ಹೀಗೆ ಎತ್ತಿನ ಕಿವಿ ನೋಡಿ ಬೀಜ ಆರಿಸುತ್ತ ಬಂದಿದ್ದರೋ ಅವರಿಗೂ ಗೊತ್ತಿರಲಿಲ್ಲ.

ಒಂದು ಮಾತಿನಲ್ಲಿ ಮಾತ್ರ ನನಗೂ ಅವರಿಗೂ ಮೊದಲಿನಿಂದ ತಕರಾರು. ಈ ಜಾತಿಯಲ್ಲಿ ಎರಡು ಬಗೆಯ ಗಿಡ. ಒಂದು ತೆಳ್ಳಗೆ ಬೆಳೆದು, ಬೇಗ ಹೂಬಿಟ್ಟು, ಹಳದಿ ಹುಡಿ ಉದುರಿಸಿ ಒಣಗುತ್ತದೆ. ಇನ್ನೊಂದು ದಪ್ಪಗೆ ಪೊದೆಯಾಗಿ, ಬಹಳ ದಿನ ನಿಂತು, ಬೀಜ ಕಟ್ಟುತ್ತದೆ. ಅತ್ತೆಯವರು ಬೀಜ ಕಟ್ಟುವ ದಪ್ಪ ಗಿಡವನ್ನು ಗಂಡು ಎನ್ನುತ್ತಿದ್ದರು, ಒಣಗಿ ಹೋಗುವ ತೆಳ್ಳನೆಯದನ್ನು ಹೆಣ್ಣು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರದೂ ಅದೇ ಮಾತು.

ನಾನು ಶಾಲೆ ಕಂಡವಳಲ್ಲ. ಗೊಬ್ಬರದ ಚೀಲಗಳ ಮೇಲಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಲು ಕಲಿತವಳು. ಆಮೇಲೆ ಪಂಚಾಯಿತಿಯ ವಾಚನಾಲಯದಿಂದ ಸಿಕ್ಕಿದ್ದನ್ನೆಲ್ಲ ತರಿಸಿ ಓದಿದೆ. ಆದರೆ ಈ ವಿಷಯ ನನಗೆ ಪುಸ್ತಕದಿಂದ ಬಂದುದಲ್ಲ. ಆಗ ನಮ್ಮ ಕಡೆ ಹೈಬ್ರಿಡ್ ಜೋಳದ ಬೀಜದ ಹೊಲಗಳಿದ್ದವು. ಅಲ್ಲಿ ಎರಡು ಹಂಗಾಮು ಕೆಲಸ ಮಾಡಿದ್ದೆ. ಅಲ್ಲಿ ಗಂಡು ಸಾಲು, ಹೆಣ್ಣು ಸಾಲು ಎಂದು ಬೇರೆ ಬೇರೆ ಬಿತ್ತುತ್ತಿದ್ದರು. ಗಂಡು ಸಾಲು ಇರುವುದು ಹುಡಿ ಕೊಡುವುದಕ್ಕೆ. ಬೀಜ ಬರುವುದು ಹೆಣ್ಣು ಸಾಲಿನಿಂದ. ನಡುವೆ ಬೇರೆ ಜಾತಿಯ ಒಂದು ಗಿಡ ಕಂಡರೂ ಅದನ್ನು ಬೆರಕೆ ಎಂದು ಹೂಬಿಡುವ ಮೊದಲೇ ಕೀಳಿಸುತ್ತಿದ್ದರು. ಅಕ್ಕಪಕ್ಕದ ಹೊಲದವರು ಬೇರೆ ಜೋಳ ಹಾಕಿದರೆ ಮೇಲ್ವಿಚಾರಕ ಜಗಳಕ್ಕೆ ಹೋಗುತ್ತಿದ್ದ: ಗಾಳಿಗೆ ಬಂದ ಹುಡಿ ತಾಗಿದರೆ ಬೀಜ ಕೆಟ್ಟಿತು ಎಂದೇ ಲೆಕ್ಕ.

ಅದನ್ನು ನೆನೆದು ನಾನೊಂದು ದಿನ ಅತ್ತೆಯವರಿಗೆ, ನೀವು ಗಂಡು ಎನ್ನುವುದು ಹೆಣ್ಣು, ಹೆಣ್ಣು ಎನ್ನುವುದು ಗಂಡು ಎಂದೆ. ಅವರು ಎಲೆ ಬಿಡಿಸುತ್ತಿದ್ದ ಕೈ ನಿಲ್ಲಿಸದೆ ಹೇಳಿದರು:

"ದುಡುದು ದುಡುದು ಜಲ್ದಿ ಒಣಗಿ ಹೋಗಾದು ಯಾರಬೇ, ಗಂಡಸರಾ? ಮೈ ಬೆಳಿಸಿಕೊಂಡು ಕಡೀತನ ನಿಂತಿರಾದು ಗಂಡು. ನಿಮ್ಮ ಮಾವನ್ನ ನೋಡು."

ಮಾವನವರು ಪಡಸಾಲೆಯಲ್ಲಿ ಮಲಗಿದ್ದರು. ಹೆಸರು ಏನಾದರೇನು, ಬೀಜ ಸರಿಯಾಗಿ ಬರುತ್ತಿದೆಯಲ್ಲ ಎಂದುಕೊಂಡೆ.

ಒಂದು ವರ್ಷ ಅದು ಸರಿಯಾಗಿ ಬರಲಿಲ್ಲ. ಮೂಲೆಮನೆಯ ಗಾಡಿಯವನು ಅವಸರಪಡಿಸಿ, ಹೊಸ ಗಿಡಗಳನ್ನು ಇನ್ನೂ ಉಜ್ಜಿ ನೋಡುವ ಮೊದಲೇ ಎತ್ತಿಗೆ ಉಂಡೆ ಹಾಕಿಸಿಕೊಂಡು ಹೋದವನು ಸಂಜೆ ಒಬ್ಬನೇ ಬಂದ. ಕಬ್ಬು ತುಂಬಿದ ಗಾಡಿ ಹಾದಿಯಲ್ಲೇ ನಿಂತಿತ್ತು. ಎತ್ತು ನೊಗ ಇಳಿಸಿದ ಜಾಗದಲ್ಲಿ ಮಲಗಿದ್ದು ಎದ್ದಿರಲಿಲ್ಲ. ಅವನು ಕೂಗಾಡುವ ಮನುಷ್ಯನಲ್ಲ. ಕಟ್ಟೆಯ ಮೇಲೆ ಕುಳಿತು ಅತ್ತೆಯವರನ್ನು ಕೇಳಿದ:

"ದೊಡ್ಡವ್ವ, ಮುಂದಿನ ಸಲ ಉಂಡಿ ನನಗ ಕೊಟ್ಟುಬಿಡು. ನಾನು ಮಲಗ್ತೀನಿ, ಎತ್ತಾರ ಗಾಡಿ ಎಳೀಲಿ."

ಎತ್ತು ಮರುದಿನ ಎದ್ದಿತು. ಆದರೆ ಆ ವರ್ಷದ ಗಿಡಗಳಲ್ಲಿ ಅಂಟದ ಎಲೆಯೇ ಇರಲಿಲ್ಲ. ಅತ್ತೆಯವರು ಮುದಿ ಎತ್ತಿಗೆ ಒಂದಾದ ಮೇಲೊಂದರಂತೆ ಕೊಟ್ಟು ನೋಡಿದರು. ಪ್ರತಿ ಸಲವೂ ಕಿವಿ ಬಿತ್ತು. ಇದ್ದುದರಲ್ಲಿ ಕಡಿಮೆ ಘಾಟಿನದಕ್ಕೆ ಚಿಂದಿ ಕಟ್ಟಿದರು. ಮರುವರ್ಷವೂ ಅದೇ ಪಾಡು. ಬೆಳಿಗ್ಗೆ ಎತ್ತು ಹಿಡಿದು ಬರುವವರು ಕಡಿಮೆಯಾದರು. ಬಂದವರನ್ನು ಅತ್ತೆಯವರೇ ಹಿಂದಕ್ಕೆ ಕಳಿಸತೊಡಗಿದರು. ತವರಿನಿಂದ ತಂದ ಬೀಜ ತಮ್ಮ ಕೈಯಲ್ಲಿ ಕೆಟ್ಟಿತು ಎಂಬುದನ್ನು ಅವರು ಯಾರೊಂದಿಗೂ ಹೇಳಿಕೊಳ್ಳಲಿಲ್ಲ, ಆದರೆ ಊಟ ಕಡಿಮೆ ಮಾಡಿದರು.

ಊರಿನವರು ಕಾರಣ ಹುಡುಕಲು ಕಷ್ಟಪಡಲಿಲ್ಲ. ಕಾಲುವೆ ನೀರು. ಆ ದಿನಗಳಲ್ಲಿ ಅನ್ನಕ್ಕೆ ರುಚಿ ಇಲ್ಲದಿದ್ದರೆ ಕಾಲುವೆ ನೀರು, ಸೊಳ್ಳೆ ಹೆಚ್ಚಾದರೆ ಕಾಲುವೆ ನೀರು, ಮಕ್ಕಳು ಎದುರು ಮಾತಾಡಿದರೂ ಕಾಲುವೆ ನೀರು. ಅದೇ ನೀರಿನಲ್ಲಿ ಅವರ ಮನೆಗಳು ಎದ್ದಿದ್ದವು ಎಂಬುದು ಆ ಮಾತಿಗೆ ಅಡ್ಡಿಯಾಗುತ್ತಿರಲಿಲ್ಲ. ಅತ್ತೆಯವರೂ ಅದನ್ನೇ ನಂಬಿದರು. ಬಂಡ್ರಿಯ ಕೆಂಪು ನೆಲದಲ್ಲಿ ಬಾಯಾರಿ ಬೆಳೆಯುವ ಗಿಡ ಇಲ್ಲಿ ನೀರು ಕುಡಿದು ಕೊಬ್ಬಿತು, ಕೊಬ್ಬಿದ್ದಕ್ಕೆ ಮದ ಬಂತು ಎಂದರು. ಕೇಳಲು ಚೆನ್ನಾಗಿದೆ. ಆದರೆ ನಾನು ಸೊಸೆಯಾಗಿ ಬಂದಾಗಿನಿಂದ ಆ ಗಿಡಗಳು ಕುಡಿದುದು ಕಾಲುವೆ ನೀರನ್ನೇ. ಅಷ್ಟು ವರ್ಷ ಬಾರದ ಮದ ಈಗ ಯಾಕೆ ಬಂತು ಎಂದು ಕೇಳಿದೆ. ಅತ್ತೆಯವರು ಗಿಡಗಳಿಗೆ ಹಿತ್ತಲ ಬಾವಿಯ ನೀರು ಹಾಕಲು ಶುರುಮಾಡಿದರು. ಆಗಲೂ ಕಿವಿ ಬಿತ್ತು. ಈಗೇನು ಹೇಳುತ್ತೀರಿ ಎಂದರೆ, ಬಾವಿಗೆ ಬರುವುದೂ ಕಾಲುವೆಯ ಬಸಿ ನೀರೇ ಎಂದರು. ಅದು ನಿಜವೂ ಆಗಿತ್ತು. ಎಲ್ಲ ಕಡೆಯಿಂದಲೂ ಬೇಲಿ ಹಾಕಿಕೊಂಡ ವಾದವನ್ನು ಮುರಿಯುವುದು ಹೇಗೆ?

ನನಗೆ ಜೋಳದ ಹೊಲದ ಬೆರಕೆ ನೆನಪಾಗುತ್ತಿತ್ತು. ನಮ್ಮ ಊರಿನ ಪಡುವಣಕ್ಕೆ ಹಂಪಿಯ ಕಡೆಯ ಬಂಡೆಗಳು ಶುರುವಾಗುವ ಜಾಗದಲ್ಲಿ ಒಂದು ಹಾಳು ಮಂಟಪವಿದೆ. ಅದಕ್ಕೆ ಮೂರು ನಾಲ್ಕು ವರ್ಷದ ಹಿಂದೆ ಉತ್ತರದಿಂದ ಬಂದ ಬಾವಾಜಿಯೊಬ್ಬ ಅಲ್ಲಿ ನೆಲೆಸಿ, ಸುತ್ತ ಇದೇ ಗಿಡ ಬೆಳೆಸಿದ್ದ. ಹಂಪಿಗೆ ಬಂದ ಬಿಳಿಯ ಹುಡುಗರೂ ಅವನಲ್ಲಿಗೆ ಬಂದು ಹೋಗುತ್ತಿದ್ದರು. ಅವನೂ ಎಲೆ ಉಜ್ಜಿ, ಮೂಸಿ, ಗಿಡ ಆರಿಸುತ್ತಿದ್ದ ಎಂದು ಕುರಿಯವರು ಹೇಳಿದ್ದನ್ನು ಕೇಳಿದ್ದೆ. ಅವನಿಗೆ ಬೆರಳಿಗೆ ಅಂಟಿದ್ದೇ ಬೇಕು, ಘಾಟು ಹೊಡೆದದ್ದೇ ಬೇಕು. ನಮ್ಮ ಅತ್ತೆಯವರು ತಿಪ್ಪೆಗೆ ಎಸೆಯುವ ಗಿಡವನ್ನು ಅವನು ಬೀಜಕ್ಕೆ ಬಿಡುತ್ತಿದ್ದ. ಒಂದೇ ಗಿಡವನ್ನು ಇಬ್ಬರು ಎರಡು ದಿಕ್ಕಿಗೆ ಎಳೆಯುತ್ತಿದ್ದರು, ನಡುವೆ ಇದ್ದುದು ಪಡುವಣ ಗಾಳಿ. ಅವನ ಗಿಡಗಳ ಹುಡಿ ನಮ್ಮ ಹಿತ್ತಲಿಗೆ ಬರುತ್ತಿರಬೇಕು ಎಂದು ನಾನು ಮನೆಯಲ್ಲಿ ಹೇಳಿದೆ. ಹುಡಿ ಬರುವುದು ತೆಳ್ಳನೆಯ ಗಿಡದಿಂದ ಎಂಬುದನ್ನೂ ಬಿಡಿಸಿ ಹೇಳಿದೆ. ಅತ್ತೆಯವರು ಒಪ್ಪಲಿಲ್ಲ, ಅವರ ಮಗ, ನಮ್ಮ ಮನೆಯವರು, ಕಿವಿಗೊಟ್ಟರು.

ಅಷ್ಟರಲ್ಲಿ ತಂಗಿಯ ಬಾಣಂತನಕ್ಕೆಂದು ನಾನು ಮರಿಯಮ್ಮನಹಳ್ಳಿಗೆ ಹೋಗಬೇಕಾಯಿತು. ನಾನಿಲ್ಲದಾಗ ನಮ್ಮ ಮನೆಯವರು ಮಂಟಪಕ್ಕೆ ಹೋಗಿ ಬಾವಾಜಿಯನ್ನು ವಿಚಾರಿಸಿದರು. ಅವನು ಹಿಂದಿಯಲ್ಲಿ, ನರ್ ಗಿಡಗಳನ್ನೆಲ್ಲ ಹೂಬಿಡುವ ಮೊದಲೇ ಕಿತ್ತುಹಾಕುತ್ತೇನೆ ಎಂದನಂತೆ. ಬೀಜ ಕಟ್ಟಿದರೆ ಸೇದುವ ಸೊಪ್ಪಿನ ನಶೆ ಇಳಿದು ಅವನ ಕೆಲಸಕ್ಕೆ ಕೇಡು; ಬೀಜಕ್ಕೆ ಬೇಕಾದಾಗ ಮಾತ್ರ ಒಂದನ್ನು ಬಿಡುತ್ತಿದ್ದನಂತೆ, ಹಿಂದಿನ ಎರಡು ಮೂರು ವರ್ಷ ಅದನ್ನೂ ಬಿಟ್ಟಿರಲಿಲ್ಲ. ನರ್ ಎಂದರೆ ಗಂಡು ಎಂಬುದು ನಮ್ಮ ಮನೆಯವರಿಗೆ ಗೊತ್ತು. ಮನೆಗೆ ಬಂದು, ಗಂಡೆಲ್ಲ ಕಿತ್ತಾನಂತೆ ಎಂದು ಹೇಳಿದರು. ನಮ್ಮ ಮನೆಯ ಮಾತಿನಲ್ಲಿ ಗಂಡು ಎಂದರೆ ಬೀಜದ ಗಿಡ. ಹಾಗಾದರೆ ಅವನು ಉಳಿಸಿಕೊಂಡದ್ದೆಲ್ಲ ಹೆಣ್ಣು, ಅಂದರೆ ಹುಡಿ ಉದುರಿಸುವ ತೆಳ್ಳನೆಯ ಗಿಡ, ಎಂದಾಯಿತು. ಅಂಗಳದಲ್ಲಿದ್ದ ನಾಲ್ಕು ಜನಕ್ಕೆ ಇಷ್ಟು ಸಾಕಾಯಿತು. ಗಾಡಿಯವನೂ ಸೇರಿ ಹೋಗಿ ಮಂಟಪದ ಸುತ್ತ ಇದ್ದ ಗಿಡಗಳನ್ನೆಲ್ಲ ಬುಡಸಹಿತ ಕಿತ್ತರು. ಅಲ್ಲಿ ನಿಂತಿದ್ದುದು ಒಂದೂ ತೆಳ್ಳನೆಯದಲ್ಲ, ಎಲ್ಲ ದಪ್ಪ ಪೊದೆ. ಅದನ್ನು ಕಣ್ಣಾರೆ ಕಂಡೂ ಯಾರಿಗೂ ಅನುಮಾನ ಬರಲಿಲ್ಲ. ಬಾವಾಜಿ ತಡೆಯಲಿಲ್ಲವಂತೆ. ಕಂಬಳಿ ಸುತ್ತಿಕೊಂಡು ಹಂಪಿಯ ಕಡೆ ನಡೆದುಹೋದನಂತೆ.

ನಾನು ತಿರುಗಿ ಬಂದು ಇದನ್ನು ಕೇಳಿದಾಗ ಆದದ್ದು ಆಗಿಹೋಗಿತ್ತು. ಅವನು ಕಿತ್ತದ್ದು ಹುಡಿಯ ಗಿಡ, ನೀವು ಕಿತ್ತದ್ದು ಹುಡಿಯಿಲ್ಲದ ಗಿಡ ಎಂದೆ. ನಮ್ಮ ಮನೆಯವರು, "ಹಂಗಾದ್ರ ಅವನು ಗಂಡು ಅಂದಿದ್ದು ಹೆಣ್ಣಿಗೇನು?" ಎಂದರು. ಅಲ್ಲ ಎಂದು ಹೇಳಲು ಹೊರಟವಳು, ನಮ್ಮ ಮನೆಯ ಮಾತಿನಲ್ಲಿ ಅದು ಸರಿಯೇ ಎಂದು ಹೌದೆಂದೆ.

ಇದರಿಂದ ನನ್ನ ವಿವರಣೆಯೂ ಬಿದ್ದುಹೋಯಿತು ಎಂಬುದನ್ನು ಇಲ್ಲಿ ಹೇಳಬೇಕು. ಅಷ್ಟೂ ವರ್ಷ ಬಾವಾಜಿಯ ಬಳಿ ಹುಡಿಯ ಗಿಡವೇ ಇರಲಿಲ್ಲ ಎಂದ ಮೇಲೆ ನಮ್ಮ ಬೀಜ ಕೆಡಲು ಅವನ ಹಿತ್ತಲು ಕಾರಣವಾಗಲಾರದು. ಕೆಟ್ಟದ್ದಂತೂ ನಿಜ: ಅವನು ಹೋದ ಮರುವರ್ಷದ ಗಿಡಗಳೂ ಅಂಟಿದವು. ಅತ್ತೆಯವರು ನನ್ನ ಮುಖ ನೋಡಿದರು. ಹೂವಿನ ಕಾಲದಲ್ಲಿ ನಾನು ಕಾಲುವೆ ಏರಿಯ ಮೇಲೆ ನಡೆದು ನೋಡಿದೆ. ಮಂಟಪಕ್ಕೆ ಹೋಗಿ ಬರುವವರು ಕುಳಿತು ಸೇದುವ ಜಾಗಗಳಲ್ಲಿ, ಅವರು ಉದುರಿಸಿದ ಬೀಜದಿಂದ ತಾವಾಗಿಯೇ ಎದ್ದ ಗಿಡಗಳು ಜಾಲಿಯ ನಡುವೆ ಅಲ್ಲಲ್ಲಿ ನಿಂತಿದ್ದವು. ಒಂದು ತೆಳ್ಳನೆಯ ಗಿಡದ ಕೆಳಗೆ ಸೆರಗು ಹಿಡಿದು ಅಲುಗಿಸಿದೆ. ನೀಲಿ ಸೀರೆಯ ಮೇಲೆ ಹಳದಿ ಹುಡಿ ಅರಿಸಿನ ಚೆಲ್ಲಿದಂತೆ ಕೂತಿತು. ನಮ್ಮ ಬೀಜ ಕೆಡಿಸಿದ ಹುಡಿ ಇದೇ ಎನಿಸಿ ಸಿಕ್ಕಷ್ಟನ್ನು ಕಿತ್ತೆ. ಆದರೆ ಏರಿ ಬಹಳ ಉದ್ದ, ಯಾರ ಜಮೀನೂ ಅಲ್ಲ, ಯಾರನ್ನು ಕೇಳುವುದು?

ಅತ್ತೆಯವರ ಬಳಿ ಹಳೆಯ ಬೀಜ ಸ್ವಲ್ಪ ಉಳಿದಿತ್ತು, ಕೆಡುವುದಕ್ಕೆ ಮುಂಚಿನದು. ಸೋರೆ ಬುರುಡೆಯಲ್ಲಿ ಬೂದಿ ಬೆರೆಸಿ ಇಟ್ಟದ್ದು. ಒಂದಷ್ಟನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿದಾಗ ಮೊಳೆತದ್ದು ಬಹಳ ಕಡಿಮೆ. ಇನ್ನೊಂದು ವರ್ಷ ಕಾದರೆ ಅದೂ ಇಲ್ಲ. ಹುಡಿ ಬರದ ಜಾಗದಲ್ಲಿ, ಬಂಡ್ರಿಯ ನಿಮ್ಮ ತಮ್ಮನ ಹಿತ್ತಲಿನಲ್ಲಿ ಹಾಕೋಣ ಎಂದೆ. ಕಾಲುವೆ ನೀರಿಲ್ಲದ ಜಾಗ, ಅಲ್ಲೇ ಹಾಕೋಣ ಎಂದು ಅವರೂ ಹೇಳಿದರು. ಕಾರಣ ಬೇರೆಯಾದರೂ ಇಬ್ಬರೂ ಒಂದೇ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಕುಳಿತಾಗ ನನಗೆ ಇದರ ತೊಡಕು ಹೊಳೆಯಿತು. ಬಂಡ್ರಿಯಲ್ಲಿ ಸೊಪ್ಪು ಸರಿಹೋದರೆ ಅವರು ನೀರು ಗೆದ್ದಿತು ಎನ್ನುತ್ತಾರೆ, ನಾನು ಗಾಳಿ ಗೆದ್ದಿತು ಎನ್ನುತ್ತೇನೆ. ಗಿಡಕ್ಕೆ ಎರಡೂ ಒಂದೇ. ಅದಕ್ಕಾಗಿ ಒಂದು ಸಸಿಯನ್ನು ನನಗೆ ಕೊಡಿ, ಅದಕ್ಕೆ ಅಲ್ಲಿಯೇ ಕಾಲುವೆ ನೀರು ಹಾಕುತ್ತೇನೆ ಎಂದು ಕೇಳಿದೆ. ಅವರು ಕಿಟಕಿಯಾಚೆಯ ಅದಿರಿನ ಲಾರಿಗಳ ಕೆಂಪು ಧೂಳು ತಾಗದಂತೆ ಬೀಜದ ಬುರುಡೆಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ಉಳಿದಿದ್ದ ಬೀಜವೇ ಅಷ್ಟು. ಅದರಲ್ಲಿ ಒಂದನ್ನು ವಾದಕ್ಕೆ ಕೊಡುವುದು ಅವರಿಗೆ ಸಣ್ಣ ಮಾತಾಗಿರಲಿಲ್ಲ. ಬಂಡ್ರಿಯಲ್ಲಿ ಸಸಿಗಳು ಎದ್ದಾಗ ಎಲ್ಲಕ್ಕಿಂತ ಸೊರಗಿದ್ದನ್ನು ತೋರಿಸಿದರು.

"ಇದನ್ನ ತಗಾ. ಸತ್ರ ಇದೊಂದು ಸಾಯ್ಲಿ. ನಿನ್ನ ಹಟಕ್ಕ ಎಲ್ಲಾ ಕೊಡಾಕ ಆಗಂಗಿಲ್ಲ."

ಅದನ್ನು ಬಾಯೊಡೆದ ಗುಡಾಣದ ಮಣ್ಣಿಗೆ ಕಿತ್ತು ನೆಟ್ಟು, ಮಳೆ ತಾಗದಂತೆ ಕೊಟ್ಟಿಗೆಯ ಸೂರಿನಂಚಿಗೆ ಇಟ್ಟೆ. ವಾರಕ್ಕೊಮ್ಮೆ ಎಣ್ಣೆಯ ಹಳೆಯ ಡಬ್ಬಿಯನ್ನು ಸೀಗೆಕಾಯಿ ಹಾಕಿ ತಿಕ್ಕಿ, ಕಾಲುವೆ ನೀರು ತುಂಬಿಕೊಂಡು, ಹೊಸಪೇಟೆಯಿಂದ ಸಂಡೂರಿಗೆ, ಅಲ್ಲಿಂದ ಬಂಡ್ರಿಗೆ ಹೋಗುತ್ತಿದ್ದೆ. ಡಬ್ಬಿಯನ್ನು ಅಲ್ಲಿಯೇ ಇಟ್ಟು, ವಾರವಿಡೀ ಅದರಿಂದಲೇ ಹಾಕುವಂತೆ ಹೇಳಿ ಬರುತ್ತಿದ್ದೆ. ಡಬ್ಬಿಯಲ್ಲಿ ಏನಿದೆ ಎಂದು ಕಂಡಕ್ಟರು ಕೇಳಿದಾಗ ಕಾಲುವೆ ನೀರು ಎಂದೆ.

"ಯಾಕಮ್ಮಾ, ಬಂಡ್ರಿಯಾಗ ಕುಡಿಯಾಕ ನೀರಿಲ್ಲೇನು?"

"ಕುಡಿಯಾಕಲ್ಲ. ಗಿಡಕ್ಕ."

ಅಂದಿನಿಂದ ಅವನು ಡಬ್ಬಿ ಇಡಲು ಡ್ರೈವರನ ಹಿಂದೆ ಜಾಗ ಬಿಡಿಸಿಕೊಡುತ್ತಿದ್ದ. ತಲೆ ಕೆಟ್ಟವರೊಂದಿಗೆ ಜಗಳ ಬೇಡ ಎಂದೋ ಏನೋ.

ನನ್ನ ಪರೀಕ್ಷೆ ಅಷ್ಟೇನೂ ಚೊಕ್ಕಟವಾಗಿರಲಿಲ್ಲ. ಎರಡು ಸಲ ಗಾಳಿಮಳೆಗೆ ಇರಚಲು ಹೊಡೆದು ಗುಡಾಣದ ಮಣ್ಣು ತೊಯ್ದಿತ್ತು. ನಾನಿಲ್ಲದಾಗ ಅತ್ತೆಯವರ ತಮ್ಮನ ಹೆಂಡತಿ, ಪಾಪ ಬಾಡಿದೆ ಎಂದು ಒಂದು ಚೆಂಬು ಬಾವಿ ನೀರು ಹಾಕಿದ್ದಳಂತೆ. ಆ ಸಸಿ ಬೇಗ ಒಣಗುವ ತೆಳ್ಳನೆಯದಾಗದೆ ಬೀಜ ಕಟ್ಟುವ ಬಗೆಯದೇ ಆಗಿ ಬೆಳೆದದ್ದೂ ನನ್ನ ಅದೃಷ್ಟ, ಏರ್ಪಾಡಲ್ಲ. ಆದರೂ ಅದು ಕುಡಿದ ನೀರಿನಲ್ಲಿ ಬಹುಪಾಲು ನಮ್ಮ ಊರಿನದೇ ಎಂದು ಹೇಳಬಲ್ಲೆ.

ಎಲೆ ಬಲಿತಾಗ ಅತ್ತೆಯವರು ಬಂಡ್ರಿಗೆ ಬಂದು ಉಳಿದರು. ನೆಲದ ಗಿಡಗಳನ್ನು ಮೊದಲು ನೋಡಿದರು. ಎರಡು ಅಂಟಿದವು, ಕಿತ್ತೆಸೆದರು. ಉಳಿದವುಗಳ ಎಲೆಗೆ ತಮ್ಮನ ಮನೆಯ ಎತ್ತಿನ ಕಿವಿ ಬೀಳಲಿಲ್ಲ. ಒಂದೊಂದಕ್ಕೂ ಚಿಂದಿ ಕಟ್ಟುತ್ತ ಬಂದರು. ಗಂಟು ಹಾಕಲು ನಾನು ಕೈ ಚಾಚಿದರೆ ಬ್ಯಾಡ ಎಂದರು. ಗುಡಾಣದ ಗಿಡದ ಎಲೆಯನ್ನು ಕೊನೆಗೆ ಕೊಟ್ಟರು. ಎತ್ತು ಉಂಡೆ ನುಂಗಿತು. ನಾವಿಬ್ಬರೂ ಕೊಟ್ಟಿಗೆಯ ಹೊಸ್ತಿಲ ಮೇಲೆ ಕುಳಿತೆವು. ನೊಣ ಕೂತಾಗ ಎತ್ತು ಕಿವಿ ಒದರಿತು. ಆಮೇಲೆ ಮೆಲುಕು ಹಾಕಿತು. ಅತ್ತೆಯವರು ಎದ್ದು ಒಳಗೆ ಹೋದರು. ಆ ಗಿಡಕ್ಕೆ ಅವತ್ತು ಚಿಂದಿ ಕಟ್ಟಲಿಲ್ಲ, ಕೀಳಲೂ ಇಲ್ಲ.

ಬಂಡ್ರಿಯಿಂದ ಊರಿಗೆ ಬರುವಾಗ ಒಣಗಿಸಿದ ಎಲೆಯ ಎರಡು ಕಟ್ಟುಗಳನ್ನು ತಂದೆವು. ಹಳೆಯ ಟವೆಲಿನಲ್ಲಿ ಕಟ್ಟಿದ್ದು ನೆಲದ ಗಿಡಗಳದು. ಹಸಿರು ರವಿಕೆಯ ತುಂಡಿನಲ್ಲಿ ಕಟ್ಟಿದ್ದು ಗುಡಾಣದ ಗಿಡದ್ದು. ಅದನ್ನು ಕಟ್ಟಿದವಳು ನಾನೇ. ಸುದ್ದಿ ನಮಗಿಂತ ಮುಂಚೆ ಊರು ಮುಟ್ಟಿತ್ತೋ ಏನೋ, ಕಬ್ಬಿನ ಹಂಗಾಮು ಶುರುವಾಗುತ್ತಿದ್ದಂತೆ ಮೂಲೆಮನೆಯ ಗಾಡಿಯವನು ಎತ್ತು ಹಿಡಿದು ಬಂದ. ಎತ್ತಿನ ಹಿಂಗಾಲು ಪೂರಾ ಹೊಲಸಾಗಿತ್ತು. ಅವನು ಹಗ್ಗವನ್ನು ಅತ್ತೆಯವರ ಕೈಗೆ ಕೊಡಲಿಲ್ಲ, ತನ್ನಲ್ಲಿಯೇ ಹಿಡಿದುಕೊಂಡ.

"ದೊಡ್ಡವ್ವ, ಇದು ಯಾವ ನೀರಿಂದು?"

ಅತ್ತೆಯವರು ಒಳಗೆ ಹೋದರು. ನಾನು ಬಾಗಿಲಲ್ಲೇ ಇದ್ದೆ. ಗೂಟಕ್ಕೆ ಎರಡು ಕಟ್ಟುಗಳೂ ಅಕ್ಕಪಕ್ಕದಲ್ಲಿ ತೂಗುತ್ತಿದ್ದವು. ಅವರು ಹಸಿರು ರವಿಕೆಯ ತುಂಡನ್ನು ಬಿಚ್ಚಿ, ಮುಷ್ಟಿ ಎಲೆ ತೆಗೆದುಕೊಂಡು, ಬೆಲ್ಲ ಹಾಕಿ ಅರೆದರು. ನನ್ನ ಕಡೆ ನೋಡಲಿಲ್ಲ. ಹೊರಗೆ ಬಂದು ಎತ್ತಿನ ಬಾಯಿ ಬಿಡಿಸಿ ಉಂಡೆಯನ್ನು ನಾಲಿಗೆಯ ಬುಡಕ್ಕೆ ಒತ್ತಿದರು.

"ಬಂಡ್ರಿ ನೀರಿಂದು," ಎಂದರು. "ಕುಂದ್ರು. ಕಿವಿ ನೋಡಿಕೊಂಡು ಹೋಗು."

ಅವನು ಎತ್ತನ್ನು ಮರಕ್ಕೆ ಕಟ್ಟಿ ಕಟ್ಟೆಯ ಮೇಲೆ ಕುಳಿತ. ನಾನು ಒಳಗೆ ಹೋಗಿ ಅವನಿಗೆ ಚಹಾಕ್ಕೆ ನೀರಿಟ್ಟೆ. ಚಹಾ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಎತ್ತು ಅಂಗಳದ ಬೇವಿನ ಕೆಳಗೆ ನಿಂತು ಮೆಲುಕು ಹಾಕುತ್ತಿತ್ತು, ಕಿವಿ ನೆಟ್ಟಗಿದ್ದವು. ಅವನು ಮತ್ತೂ ಸ್ವಲ್ಪ ಹೊತ್ತು ನೋಡಿ, ಹಗ್ಗ ಬಿಚ್ಚಿಕೊಂಡು ಗಾಡಿ ಹೂಡಲು ಹೋದ.